ಬೆಂಕಿ ಕಾಯೋರು ಬ್ಯಾರನ್ ಹೊರಗಿರಬೇಕು

ಮಗಾ, ನೀನು ಬರೆದ ಕೋಡು ಪೂರ್ತಿ ಓದಿದೆ. ಜೊತೆಯವರೆಲ್ಲ ಆಪ್ ಮೇಲೆ ಆಪ್ ಮಾಡುತ್ತಿರುವಾಗ ನೀನು ಕರ್ನಲ್ ಬಾಗಿಲಿಗೇ ಹೋಗಿ ಪೋರ್ಟು, ಎಕ್ಸೆಪ್ಶನ್ನು ಅಂತ ಕೈ ಹಾಕಿದ್ದೀಯ. ಭೇಷ್. ಆದರೆ ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನಿಮ್ಮಜ್ಜಿ ಸುಮ್ಮನೆ ಹೇಳುತ್ತಿರಲಿಲ್ಲ. ಕೋಡು ಓಡುತ್ತದೆ, ಸರಿ. ಓಡುತ್ತಾ ಓಡುತ್ತಾ ಎಡವಿದಾಗ ಹಿಡಿಯಲಿಕ್ಕೆ ಅಲ್ಲವೇ ನೀನು ಇದನ್ನು ಬರೆದದ್ದು? ಅಲ್ಲಿಯೇ ಜಾರಿದ್ದೀಯ.

ನೀನು ಮುಟ್ಟಿರುವುದು ನಿನಗಿಂತ ಹಿರಿಯ ಕೆಲಸ, ಅದು ನೆನಪಿರಲಿ. ಮಾಕ್ ಕರ್ನಲ್ 1985ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ರಿಚರ್ಡ್ ರಶೀದ್, ಏವಿ ಟೆವೇನಿಯನ್ ಮುಂತಾದವರು ಕಟ್ಟಿದರು. ಅಲ್ಲಿಂದ ನೆಕ್ಸ್ಟ್ ಕಂಪನಿಯ ಕಂಪ್ಯೂಟರಿಗೆ ಹೋಯಿತು. ನೆಕ್ಸ್ಟನ್ನು ಕೊಳ್ಳುವುದಾಗಿ 1996ರ ಕೊನೆಯಲ್ಲಿ ಆಪಲ್ ಹೇಳಿತು. ಹಾಗಾಗಿ ಇವತ್ತಿನ ಮ್ಯಾಕ್, ಐಫೋನ್ ಎರಡರ ಹೊಟ್ಟೆಯಲ್ಲೂ ಅದೇ ಇದೆ. ಅದರ ನಿಯಮಗಳು ಕಟ್ಟುನಿಟ್ಟು. ನಿನಗೆ ಬೇಜಾರು ತರುವಷ್ಟು ಕಟ್ಟುನಿಟ್ಟು.

ಪೋರ್ಟು ಅಂದರೆ ಕರ್ನಲ್ ಇಟ್ಟುಕೊಂಡಿರುವ ಸಂದೇಶಗಳ ಸಾಲು. ಅದರಿಂದ ಸಂದೇಶ ತೆಗೆಯುವ ಹಕ್ಕು ಒಂದು ಹೊತ್ತಿಗೆ ಒಂದೇ ಟಾಸ್ಕಿಗೆ, ಅಂದರೆ ಒಂದೇ ಪ್ರೋಸೆಸ್ಸಿಗೆ. ಕಳಿಸುವ ಹಕ್ಕು ಎಷ್ಟು ಟಾಸ್ಕಿಗೆ ಬೇಕಾದರೂ ಇರಬಹುದು. ಪ್ರೋಗ್ರಾಮು ಎಡವಿದಾಗ ಏಳುವ ಎಕ್ಸೆಪ್ಶನ್ ಹಿಡಿಯಬೇಕಾದರೆ ಮೊದಲು ತೆಗೆಯುವ ಹಕ್ಕಿನ ಸಮೇತ ಪೋರ್ಟು ಪಡೆಯಬೇಕು, ಆಮೇಲೆ ಕಳಿಸುವ ಹಕ್ಕು ಸೇರಿಸಬೇಕು, ಕೊನೆಗೆ ಅದನ್ನು ಟಾಸ್ಕಿನ ಎಕ್ಸೆಪ್ಶನ್ ಪೋರ್ಟು ಅಂತ ನೋಂದಾಯಿಸಬೇಕು. ಮೂರನ್ನೂ ಸೇರಿಸಿ ಒಂದು ಹೆಲ್ಪರ್ ಫಂಕ್ಷನ್ ಮಾಡಿದ್ದೀಯ. ಮಾಡಬೇಕಾದ್ದೇ. ಆದರೆ ಅದು ಏನನ್ನೂ ವಾಪಸ್ ಹೇಳುವುದಿಲ್ಲವಲ್ಲ, ಯಾಕೆ? ಪ್ರತಿ ಹೆಜ್ಜೆಗೂ ಕರ್ನಲ್ ಉತ್ತರ ಕೊಡುತ್ತದೆ. ಸೊನ್ನೆ ಬಂದರೆ ಆಯಿತು ಅಂತ, ಬೇರೇನಾದರೂ ಬಂದರೆ ಯಾಕೆ ಆಗಲಿಲ್ಲ ಅಂತ. ಆ ಸಂಖ್ಯೆಯನ್ನು ಮಾತಿಗೆ ತಿರುಗಿಸಲು ಮಾಕ್ ಎರರ್ ಸ್ಟ್ರಿಂಗ್ ಅನ್ನುವ ಫಂಕ್ಷನ್ನೂ ಇದೆ. ನೀನು ಅಷ್ಟನ್ನೂ ನುಂಗಿಕೊಂಡಿದ್ದೀಯ. ಮಾರ್ಕ್ಸ್ ಕಾರ್ಡು ಪುಸ್ತಕದೊಳಗೆ ಬಚ್ಚಿಟ್ಟು 'ಇನ್ನೂ ಕೊಟ್ಟಿಲ್ಲ ತಾತ' ಅಂದ ಮಗುವಲ್ಲವೇ, ಗುಣ ಎಲ್ಲಿ ಹೋಗಬೇಕು! ಹೆಲ್ಪರ್ ಅನ್ನಿಸಿಕೊಂಡದ್ದು ಕೆಲಸ ಹಗುರ ಮಾಡಲಿ, ಕೆಟ್ಟ ಸುದ್ದಿ ಮುಚ್ಚುವುದು ಬೇಡ. ಎರಡನೇ ಹೆಜ್ಜೆ ತಪ್ಪಿದರೆ ಮೊದಲನೆಯದರಲ್ಲಿ ಪಡೆದ ಪೋರ್ಟನ್ನು ಬಿಟ್ಟುಕೊಟ್ಟು, ತಪ್ಪಿದ್ದು ಯಾಕೆ ಅಂತ ಕರೆದವರಿಗೆ ಹೇಳಿಯೇ ಹೊರಗೆ ಬರಬೇಕು.

ಈಗ ದೊಡ್ಡ ತಪ್ಪು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹೊಗೆಸೊಪ್ಪಿನ ಬ್ಯಾರನ್ ನೀನು ನೋಡಿಯೇ ಬೆಳೆದದ್ದು. ಕೆ.ಆರ್. ನಗರದ ನಿನ್ನ ಗೆಳೆಯ ಭತ್ತದ ಗದ್ದೆಯವನು, ಅವನಿಗೆ ಬಿಡಿಸಿ ಹೇಳಬೇಕಾದೀತು, ನಿನಗೆ ಬೇಡ. ಸೊಪ್ಪನ್ನು ಕಡ್ಡಿಗೆ ಕಟ್ಟಿ ಸಾಲು ಸಾಲಾಗಿ ನೇತುಹಾಕುತ್ತಾರೆ, ಕೆಳಗೆ ಕಾದ ಪೈಪು. ಒಣಗಿದ ಎಲೆಯೊಂದು ಜಾರಿ ಪೈಪಿನ ಮೇಲೆ ಬಿದ್ದರೆ ಸಾಕು, ಇಡೀ ಬ್ಯಾರನ್ ಹೊತ್ತಿಕೊಳ್ಳುತ್ತದೆ, ವರ್ಷದ ದುಡಿಮೆ ಬೂದಿ. ಅದಕ್ಕೇ ರಾತ್ರಿ ನಿದ್ದೆಗೆಟ್ಟು ಕಾಯುತ್ತಾರೆ. ಒಳಗೆ ಕೂತಲ್ಲ, ಹೊರಗೆ, ಸೌದೆ ಹಾಕುವ ಬಾಯಿಯ ಹತ್ತಿರ. ನೀನು ಏನು ಮಾಡಿದ್ದೀಯ? ಕೆಲಸ ಮಾಡುವ ಥ್ರೆಡ್ಡೇ ಎಕ್ಸೆಪ್ಶನ್ ಸಂದೇಶವನ್ನೂ ಓದಲಿ ಅಂತ ಬಿಟ್ಟಿದ್ದೀಯ! ಎಕ್ಸೆಪ್ಶನ್ ಎದ್ದ ಕೂಡಲೇ ಕರ್ನಲ್ ಆ ಥ್ರೆಡ್ಡನ್ನು ಇದ್ದಲ್ಲೇ ನಿಲ್ಲಿಸಿ, ಪೋರ್ಟಿಗೆ ಸಂದೇಶ ಹಾಕಿ, ಉತ್ತರ ಬರುವ ತನಕ ಬಿಡುವುದಿಲ್ಲ. ಓದಬೇಕಾದ್ದೇ ನಿಂತುಬಿಟ್ಟರೆ ಉತ್ತರ ಯಾರು ಕೊಡಬೇಕು? ಪ್ರೋಗ್ರಾಮು ಸಾಯುವುದೂ ಇಲ್ಲ, ಬದುಕುವುದೂ ಇಲ್ಲ. ಸಂದೇಶ ಓದಲೆಂದೇ ಬೇರೆ ಥ್ರೆಡ್ ಇಡು. ಸಾಧ್ಯವಾದರೆ ಬೇರೆ ಪ್ರೋಸೆಸ್ಸನ್ನೇ ಇಡು, ಇನ್ನೂ ಒಳ್ಳೇದು. ಯಾಕೆಂದರೆ ಬಿದ್ದ ಥ್ರೆಡ್ಡು ಮೆಮೊರಿಯ ಲಾಕ್ ಹಿಡಿದುಕೊಂಡೇ ಬಿದ್ದಿರಬಹುದು, ಆಗ ಅದೇ ಪ್ರೋಸೆಸ್ಸಿನಲ್ಲಿ ಮೆಮೊರಿ ಕೇಳುವ ಮ್ಯಾಲಕ್ ಕರೆದರೆ ಕಾಯುತ್ತಿದ್ದ ಥ್ರೆಡ್ಡೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಹೊರಗೆ ಕೂತರಷ್ಟೇ ಸಾಲದು, 'ಇದು ಆಗೋದಿಲ್ಲ' ಅಂತ ಕಾವಲು ಬಿಡಲೂ ಬಾರದು. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ, ಮೇಲೆದ್ದು ಸುಮಾರು 40 ಸೆಕೆಂಡಿಗೆ ಚೂರಾಯಿತು. 64 ಬಿಟ್‌ನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ನ ಪೂರ್ಣಾಂಕಕ್ಕೆ ತುರುಕಲು ಹೋಗಿ ಎಕ್ಸೆಪ್ಶನ್ ಎದ್ದಿತು. ಅದನ್ನು ಹಿಡಿಯುವ ಏರ್ಪಾಡೇ ಅಲ್ಲಿರಲಿಲ್ಲ. ದಿಕ್ಕು ಹೇಳುವ ಕಂಪ್ಯೂಟರ್ ತನ್ನನ್ನೇ ನಿಲ್ಲಿಸಿಕೊಂಡಿತು. ಕೈ ಕೊಟ್ಟರೆ ಇರಲಿ ಅಂತ ಇನ್ನೊಂದು ಕಂಪ್ಯೂಟರ್ ಇಟ್ಟಿದ್ದರು. ಅದರಲ್ಲೂ ಇದೇ ಸಾಫ್ಟ್‌ವೇರ್. ಅದು ಒಂದು ಕ್ಷಣ ಮುಂಚೆಯೇ ಇದೇ ಕಾರಣಕ್ಕೆ ನಿಂತುಹೋಗಿತ್ತು. ಏರಿಯಾನ್ 4ರಲ್ಲಿ ಆ ಸಂಖ್ಯೆ ಅಷ್ಟು ದೊಡ್ಡದಾಗುವುದಿಲ್ಲ ಅನ್ನುವ ಲೆಕ್ಕದ ಮೇಲೆ ಕಾವಲು ಬಿಟ್ಟು, ಅದೇ ಕೋಡನ್ನು 5ಕ್ಕೂ ತಂದಿದ್ದರು. ನಿನ್ನ ಕೋಡಿನಲ್ಲೂ 'ಇದು ಆಗೋದೇ ಇಲ್ಲ' ಅನ್ನುವ ಕಾಮೆಂಟು ಕಂಡೆ. ಅದನ್ನು ಅಳಿಸಿ, ಅಲ್ಲೊಂದು ಪರೀಕ್ಷೆ ಬರೆ.

ಉತ್ತರ ಕೊಡುವುದರಲ್ಲೂ ನಿನಗೆ ಅವಸರ. ಸಂದೇಶ ಓದಿ ಉತ್ತರ ಕೊಡುವ ಹ್ಯಾಂಡ್ಲರ್ 'ಸರಿಹೋಯಿತು' ಅಂದರೆ ಕರ್ನಲ್ ಅದನ್ನು ನಂಬಿ ಥ್ರೆಡ್ಡನ್ನು ಬಿಡುತ್ತದೆ, ಥ್ರೆಡ್ಡು ಎಲ್ಲಿ ಬಿದ್ದಿತ್ತೋ ಅದೇ ಸೂಚನೆಯನ್ನು ಮತ್ತೆ ನಡೆಸುತ್ತದೆ. ನೀನು ನಿಜಕ್ಕೂ ಏನೂ ಸರಿಮಾಡದಿದ್ದರೆ ಮತ್ತೆ ಅದೇ ಎಕ್ಸೆಪ್ಶನ್, ಮತ್ತೆ ಅದೇ ಸುಳ್ಳು, ಸಿಪಿಯು ಕಾದು ಫ್ಯಾನು ಕೂಗುವ ತನಕ. ಗೊತ್ತಿಲ್ಲದ್ದಕ್ಕೆ 'ನನ್ನಿಂದ ಆಗಲಿಲ್ಲ' ಅನ್ನು, ಅದರಲ್ಲಿ ಅವಮಾನ ಇಲ್ಲ. ಕರ್ನಲ್ ಮೊದಲು ಥ್ರೆಡ್ಡಿನ ಪೋರ್ಟು ಕೇಳುತ್ತದೆ, ಆಮೇಲೆ ಟಾಸ್ಕಿನದು, ಆಮೇಲೆ ಇಡೀ ಯಂತ್ರದ್ದು. ಯಾರೂ ಒಪ್ಪದಿದ್ದರೆ ಕೊನೆಗೆ ಯುನಿಕ್ಸ್ ಸಿಗ್ನಲ್ ಆಗುತ್ತದೆ. ನಿನ್ನ ಮೇಲೆ ಹಿರಿಯರಿದ್ದಾರೆ, ದಾಟಿಸು.

ಮತ್ತೆ, ಕಂಡದ್ದೆಲ್ಲ ನನಗೇ ಬರಲಿ ಅಂತ ಎಲ್ಲ ಬಗೆಯ ಎಕ್ಸೆಪ್ಶನ್ನಿಗೂ ಹೆಸರು ಬರೆಸಬೇಡ. ಎಲ್‌ಎಲ್‌ಡಿಬಿ ಡೀಬಗರ್ ನಿಲ್ಲುವುದೂ ಟಾಸ್ಕಿನ ಇದೇ ಜಾಗದಲ್ಲಿ. ಅದರ ಬ್ರೇಕ್‌ಪಾಯಿಂಟು ನೀನು ನುಂಗಿದರೆ ಪಕ್ಕದ ಮೇಜಿನವರು ಎರಡು ದಿನ ತಲೆ ಚಚ್ಚಿಕೊಳ್ಳುತ್ತಾರೆ. ಕೆಟ್ಟ ವಿಳಾಸ ಮುಟ್ಟಿದ್ದು ಮಾತ್ರ ಬೇಕೇ? ಅದೊಂದನ್ನೇ ಕೇಳು. ಕೇಳುವಾಗ ಮೊದಲು ಅಲ್ಲಿ ಯಾರ ಪೋರ್ಟು ಇತ್ತು ಅಂತ ತೆಗೆದಿಟ್ಟುಕೋ, ಹೋಗುವಾಗ ಅದನ್ನು ಮತ್ತೆ ಅಲ್ಲಿ ಕೂರಿಸು. ಹಳೆಯದನ್ನು ತೆಗೆದುಕೊಡುವುದು, ನಿನ್ನದನ್ನು ಕೂರಿಸುವುದು ಎರಡನ್ನೂ ಅದಲುಬದಲು ಮಾಡುವ ಕರೆಯೊಂದು ಒಟ್ಟಿಗೇ ಮಾಡುತ್ತದೆ.

ಕೊನೆಯದು ಹಕ್ಕಿನ ಲೆಕ್ಕ. ಇದರಲ್ಲಿ ದೊಡ್ಡ ದೊಡ್ಡವರೂ ಎಡವುತ್ತಾರೆ. ನೀನು ಆರಿಸಿದ ಬಗೆಯಲ್ಲಿ ಪ್ರತಿ ಎಕ್ಸೆಪ್ಶನ್ ಸಂದೇಶವೂ ಬಿದ್ದ ಥ್ರೆಡ್ಡಿನ ಹಕ್ಕು, ಅದರ ಟಾಸ್ಕಿನ ಹಕ್ಕು ಎರಡನ್ನೂ ಹೊತ್ತು ತರುತ್ತದೆ. ಮಾಕ್ ಮೆಸೇಜ್ ಸರ್ವರ್ ಲೂಪಿನಲ್ಲಿ 'ಸರಿಹೋಯಿತು' ಅಂದರೆ ಆ ಎರಡೂ ನಿನ್ನವು, ನೀನೇ ಬಿಡಬೇಕು. 'ಆಗಲಿಲ್ಲ' ಅಂದರೆ ಲೂಪೇ ಬಿಡುತ್ತದೆ. ಆಗ ನೀನೂ ಬಿಟ್ಟರೆ ಎರಡು ಸಲ ಬಿಟ್ಟಂತೆ, ಅಷ್ಟರಲ್ಲಿ ಆ ಹಕ್ಕಿಗೆ ಹೆಸರಾಗಿದ್ದ ಸಂಖ್ಯೆ ಬೇರೆ ಹಕ್ಕಿಗೆ ಹೋಗಿದ್ದರೆ ಕಳೆಯುವುದು ಆ ಹಕ್ಕು. ಸಿಟ್ಟು ಬಂದು ಪೋರ್ಟ್ ಡಿಸ್ಟ್ರಾಯ್ ಕರೆಯಬೇಡ. ಆ ಹೆಸರಿನಲ್ಲಿರುವ ಎಲ್ಲ ಹಕ್ಕನ್ನೂ ಅದು ಒಟ್ಟಿಗೇ ಗುಡಿಸಿಹಾಕುತ್ತದೆ.

ತಿದ್ದಿಯಾದ ಮೇಲೆ ಪ್ರತಿ ಸಲವೂ ಹೊಸ ಥ್ರೆಡ್ ಹುಟ್ಟಿಸಿ, ಬೇಕೆಂದೇ ಎಕ್ಸೆಪ್ಶನ್ ಎಬ್ಬಿಸಿ, ನಿನ್ನ ಹ್ಯಾಂಡ್ಲರ್ ಸರಿಮಾಡಿ ಕಳಿಸಲಿ. ಸಾವಿರ ಸಲ ಹೀಗೆ ನಡೆಯಲಿ. ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಎಲ್‌ಎಸ್‌ಎಂಪಿ ಕಮಾಂಡ್ ಕೊಟ್ಟು ಪೋರ್ಟುಗಳ ಪಟ್ಟಿ ತೆಗೆ. ಎರಡನೇ ಪಟ್ಟಿ ಉದ್ದವಾಗಿದ್ದರೆ ನನಗೆ ಫೋನ್ ಮಾಡುವ ಮೊದಲು 'ಸರಿಹೋಯಿತು' ಅಂತ ಹೇಳುವ ಜಾಗಗಳನ್ನೆಲ್ಲ ಒಂದೊಂದಾಗಿ ಓದು. ದಸರಾ ರಜೆಗೆ ಊರಿಗೆ ಬರುವಾಗ ಎರಡೂ ಪಟ್ಟಿ ತಾ, ಜೊತೆಗೆ ಕೂತು ನೋಡೋಣ.