ಅಪ್ಪನ ಕಾರು, ಮುರಿದ ಸೈಲೆನ್ಸರ್

ಅಪ್ಪ ಕಣ್ಣಿನಂತೆ ಕಾಪಾಡಿಕೊಂಡು ಬಂದ 1998ರ ಮಾರುತಿ 800 ನಮ್ಮದು. ಅವರು ಅಕ್ಕನ ಮನೆಗೆ ಹೋಗಿದ್ದಾಗ ಸೈಲೆನ್ಸರ್ ತುಕ್ಕು ಹಿಡಿದು ಮುರಿದುಬಿತ್ತು. ‘ಹಾಗೇ ಓಡಿಸೋ, ಪಿಕಪ್ ಜಾಸ್ತಿ ಆಗುತ್ತೆ’ ಎಂದರು ಗೆಳೆಯರು. ಮೂರು ವಾರ ಓಡಿಸಿದೆ. ಈಗ ಮೆಕ್ಯಾನಿಕ್ ಒಬ್ಬರು, ‘ತಣ್ಣನೆ ಗಾಳಿ ಒಳಗೆ ನುಗ್ಗಿ ವಾಲ್ವ್ ಸೊಟ್ಟಗಾಗಿರುತ್ತೆ, ಹೆಡ್ ಇಳಿಸಬೇಕು’ ಎನ್ನುತ್ತಿದ್ದಾರೆ. ನಿದ್ದೆ ಬರುತ್ತಿಲ್ಲ. ಅಪ್ಪನಿಗೆ ಏನು ಹೇಳಲಿ?
– ಓದುಗ, ಸಾಗರ

ಮೊದಲು ನಿದ್ದೆ ಮಾಡಿ. ಹೆಡ್ ಇಳಿಸಲು ಮಾತ್ರ ಈಗಲೇ ಒಪ್ಪಬೇಡಿ.

ಎಕ್ಸಾಸ್ಟ್ ವಾಲ್ವ್ ಸುಮಾರು 700 ಡಿಗ್ರಿ ಶಾಖದಲ್ಲೇ ಬಾಳುವ ವಸ್ತು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಮುಚ್ಚಿ ಸೀಟಿನ ಮೇಲೆ ಕೂತಾಗಲೇ ಅದರ ಬಹುಪಾಲು ಬಿಸಿ ಹೆಡ್‌ಗೆ ಇಳಿದುಹೋಗುವುದು. ಆ ಕೂರುವಿಕೆ ಕೆಟ್ಟರೆ, ಅಂದರೆ ಟ್ಯಾಪೆಟ್ ಗ್ಯಾಪ್ ತೀರಾ ಬಿಗಿಯಾದರೆ ಅಥವಾ ಸೀಟಿನಲ್ಲಿ ಕರಿ ಕಟ್ಟಿ ಸೋರಿದರೆ, ವಾಲ್ವ್ ಸುಡುತ್ತದೆ. ಸೈಲೆನ್ಸರ್ ಇರುವುದೋ ಕಾರಿನ ಹಿಂಭಾಗದಲ್ಲಿ. ನಡುವೆ ಮ್ಯಾನಿಫೋಲ್ಡು, ಉದ್ದದ ಪೈಪು, ಅದರ ತುಂಬ ಬಿಸಿ ಹೊಗೆ. ಇಷ್ಟನ್ನೂ ದಾಟಿ ತಣ್ಣನೆ ಗಾಳಿ ವಾಲ್ವ್ ಮುಟ್ಟುವುದೆಂದರೆ ನಂಬಲಾಗದ ಮಾತು. ಮ್ಯಾನಿಫೋಲ್ಡನ್ನೇ ಬಿಚ್ಚಿಟ್ಟು ಓಡಿಸಿದರೆ ಆ ಭಯಕ್ಕೆ ಅರ್ಥವಿದೆ. ನೀವು ಹಾಗೆ ಮಾಡಿಲ್ಲವಲ್ಲ.

ಸಣ್ಣದೊಂದು ಅನುಮಾನ ಉಳಿಯುತ್ತದೆ. ನಿಮ್ಮದು ಕಾರ್ಬೊರೇಟರ್ ಗಾಡಿ. ಹೊಗೆಯ ದಾರಿ ಸಲೀಸಾದಾಗ ಒಳಗೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಆಗಬಹುದು. ತಿಂಗಳುಗಟ್ಟಲೆ ಹಾಗೆ ಉರಿದರೆ ವಾಲ್ವಿಗೆ ಒಳ್ಳೆಯದಲ್ಲ. ಮೂರೂ ಪ್ಲಗ್ ಬಿಚ್ಚಿಸಿ ನೋಡಿ. ತುದಿ ತಿಳಿ ಕಂದು ಬಣ್ಣವಿದ್ದರೆ ಸರಿ; ಸುಣ್ಣದ ಹಾಗೆ ಬೆಳ್ಳಗಿದ್ದರೆ ಕಾರ್ಬೊರೇಟರ್ ಟ್ಯೂನ್ ಮಾಡಿಸಿ. ಕಂಪ್ರೆಷನ್ ಕೂಡ ನೋಡಿಸಿ. ಮೂರು ಸಿಲಿಂಡರುಗಳಲ್ಲೂ ಹೆಚ್ಚುಕಡಿಮೆ ಒಂದೇ ಅಂಕಿ ಬಂದರೆ ಹೆಡ್ ಮುಟ್ಟುವ ಮಾತೇ ಇಲ್ಲ.

ನನಗೆ ಹೆದರಿಕೆಯಾದದ್ದು ಬೇರೆಯದಕ್ಕೆ. ಪೈಪು ಸೀಟಿನ ಕೆಳಗೇ ಮುರಿದಿದ್ದು, ಹಳೇ ಗಾಡಿಯ ತಳವೂ ತೂತಾಗಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಳೆಗೆ ಗಾಜು ಏರಿಸಿಕೊಂಡು ಹೋದಾಗ ತಲೆನೋವು ಬಂದಿತ್ತೇ? ಹಾಗಿದ್ದರೆ ರಿಪೇರಿಯಾಗುವ ತನಕ ಗಾಡಿ ತೆಗೆಯಲೇಬೇಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರವೂ ಸೈಲೆನ್ಸರ್ ಇರಲೇಬೇಕು. ಪಿಕಪ್ಪಿನ ಮಾತು ಬಿಡಿ, ಹೆಚ್ಚಿದ್ದು ಸದ್ದು ಅಷ್ಟೇ.

ಅಂದಹಾಗೆ, ತುಕ್ಕಿಗೆ ನಿಮ್ಮೂರಿನ ಮಳೆಯೊಂದನ್ನೇ ಬೈಯಬೇಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ಪೇಟೆಗೆ ಹೋಗಿ ಬರುವಷ್ಟೇ ಓಡಿದ ಗಾಡಿಯಲ್ಲಿ ಸೈಲೆನ್ಸರ್ ಸರಿಯಾಗಿ ಕಾಯುವುದಿಲ್ಲ, ನೀರು ಅಲ್ಲೇ ನಿಂತು ಒಳಗಿನಿಂದ ತಿನ್ನುತ್ತದೆ.

ಹೊಸ ಸೈಲೆನ್ಸರ್ ಹಾಕಿಸಿ, ಅಪ್ಪನಿಗೆ ಇವತ್ತೇ ಫೋನ್ ಮಾಡಿ ಹೇಳಿಬಿಡಿ. ಮುಚ್ಚಿಟ್ಟು ಪ್ರಯೋಜನವಿಲ್ಲ. ಇಷ್ಟು ವರ್ಷ ಓಡಿಸಿದವರಿಗೆ ಸ್ಟಾರ್ಟ್ ಮಾಡಿದ ಕೂಡಲೇ ಸದ್ದಿನ ವ್ಯತ್ಯಾಸ ಗೊತ್ತಾಗುತ್ತದೆ.