ನರ ಸಿಗ್ತಾ ಇಲ್ಲವೆ? ಹೆದರಬೇಡಿ

ಅಂದು 9ನೇ ತಾರೀಖು. ನಾವು ಐದಾರು ಹೆಂಗಸರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆವು. ಪ್ರತಿ ತಿಂಗಳ 9ರಂದು ಬಸುರಿಯರ ತಪಾಸಣೆ ಇರುತ್ತದೆ. 2016ರಿಂದ ದೇಶದಲ್ಲೆಲ್ಲ ಇದು ನಡೆದಿದೆ. ಹಣ ಕೊಡಬೇಕಾಗಿಲ್ಲ.

ನಮ್ಮ ಜೊತೆ ಐದು ತಿಂಗಳ ಬಸುರಿ ತಂಗಿ ಒಬ್ಬಳಿದ್ದಳು. ಸಿಸ್ಟರ್ ಅವಳ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದರು. ಸೂಜಿ ಚುಚ್ಚಿದರು. ರಕ್ತ ಬರಲಿಲ್ಲ. ಇನ್ನೊಂದು ಸೂಜಿ ತೆಗೆದು ಚುಚ್ಚಿದರು. ತೊಟ್ಟು ತೊಟ್ಟಾಗಿ ಬಂತು, ನಿಂತಿತು.

"ನನ್ನ ಮೈಯಲ್ಲಿ ರಕ್ತಾನೇ ಇಲ್ಲ ಕಣಕ್ಕಾ. ಇರೋದನ್ನೂ ತೆಗೀತಾರೆ. ನಡೀರಿ, ಮನೆಗೆ ಹೋಗೋಣ" ಎಂದು ಅವಳು ಅತ್ತಳು.

ನಮಗೂ ಹೆದರಿಕೆ ಆಯಿತು. ಸಿಸ್ಟರನ್ನೇ ಕೇಳಿದೆವು.

"ಬೆಳಿಗ್ಗೆಯಿಂದ ನೀರು ಕುಡಿದಿದ್ದೀಯಾಮ್ಮಾ?" ಎಂದರು ಸಿಸ್ಟರ್.

"ಇಲ್ಲ. ದಾರೀಲಿ ಒಂದಕ್ಕೆ ಹೋಗೋಕೆ ಜಾಗ ಇರಲ್ಲ. ಅದಕ್ಕೇ ಕುಡೀಲಿಲ್ಲ."

ನಾವು ಮುಖ ಮುಖ ನೋಡಿಕೊಂಡೆವು. ನಾವೂ ಹಾಗೇ ಮಾಡುತ್ತೇವಲ್ಲ!

ಸಿಸ್ಟರ್ ನಮಗೆ ತಿಳಿಸಿ ಹೇಳಿದರು. ನಾವು ನರ ಎನ್ನುವುದು ರಕ್ತನಾಳ. ನೀರು ಕಡಿಮೆಯಾದರೆ ಅದು ತುಂಬಿ ನಿಲ್ಲುವುದಿಲ್ಲ. ಚಳಿಯಾದರೆ ಕುಗ್ಗುತ್ತದೆ. ಹೆದರಿದರೂ ಕುಗ್ಗುತ್ತದೆ. ಕೆಲವರ ನಾಳ ಹುಟ್ಟಿನಿಂದಲೇ ಸಣ್ಣ. ಕೆಲವರದು ಆಳದಲ್ಲಿ ಇರುತ್ತದೆ. ಕೆಲವರದು ಸೂಜಿ ತಾಗಿದೊಡನೆ ಪಕ್ಕಕ್ಕೆ ಜಾರುತ್ತದೆ. ಸೂಜಿಯ ಬಾಯಿ ನಾಳದ ಗೋಡೆಗೆ ಅಂಟಿದರೂ ರಕ್ತ ನಿಲ್ಲುತ್ತದೆ.

ರಕ್ತ ನಿಧಾನವಾಗಿ ಬಂದರೆ ಮೈಯಲ್ಲಿ ರಕ್ತ ಇಲ್ಲ ಎಂದಲ್ಲ. ಬೆಳೆದ ಹೆಂಗಸಿನ ಮೈಯಲ್ಲಿ ಸುಮಾರು 4 ಲೀಟರ್ ರಕ್ತ ಇರುತ್ತದೆ. ಬಸುರಿಯಲ್ಲಿ ಇನ್ನೂ ಹೆಚ್ಚು. ಪರೀಕ್ಷೆಗೆ ತೆಗೆಯುವುದು ಒಂದೆರಡು ಟೀ ಚಮಚದಷ್ಟು. ಅದನ್ನು ಮೈ ಮತ್ತೆ ತುಂಬಿಕೊಳ್ಳುತ್ತದೆ.

"ಹಾಗಾದರೆ ಆ ತೊಟ್ಟು ರಕ್ತವೇ ಸಾಲದೆ?" ಎಂದು ಕೇಳಿದೆವು.

"ಸಾಲದು. ನಿಧಾನವಾಗಿ ಬಂದ ರಕ್ತ ಹೆಪ್ಪುಗಟ್ಟಬಹುದು. ಆಗ ಪರೀಕ್ಷೆ ಸರಿಯಾಗಿ ಬರಲ್ಲ" ಎಂದರು.

ತಂಗಿ ಎರಡು ಲೋಟ ನೀರು ಕುಡಿದಳು. ಕೈ ಕೆಳಗೆ ಇಳಿಬಿಟ್ಟು ಅರ್ಧ ಗಂಟೆ ಕುಳಿತಳು. ನಾವು ಅವಳ ಅಂಗೈ ಉಜ್ಜಿ ಬೆಚ್ಚಗೆ ಮಾಡಿದೆವು. ಈ ಸಲ ಇನ್ನೊಂದು ಕೈಯಲ್ಲಿ ನಾಳ ಸಿಕ್ಕಿತು. ರಕ್ತ ಸಲೀಸಾಗಿ ಬಂತು.

ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8 ಇತ್ತು. ಬಸುರಿಯರಿಗೆ ಅದು 11 ಆದರೂ ಇರಬೇಕು. 7ಕ್ಕಿಂತ ಇಳಿದರೆ ತಾಯಿಗೂ ಮಗುವಿಗೂ ಅಪಾಯ. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರು. ಮಾತ್ರೆಯ ಜೊತೆ ಟೀ ಕುಡಿಯಬೇಡ ಎಂದರು. ತಾಯಿ ಕಾರ್ಡಿನಲ್ಲಿ 8 ಎಂದು ಬರೆದರು. ತಂಗಿ ಅದನ್ನು ತಾನೇ ಓದಿದಳು.

ಅಳುತ್ತಾ ಎದ್ದು ಬಂದಿದ್ದರೆ ಇದು ತಿಳಿಯುತ್ತಿತ್ತೆ?

ನೆನಪಿಡೋಣ

ರಕ್ತ ಪರೀಕ್ಷೆಗೆ ಹೋಗುವಾಗ ನೀರು ಕುಡಿಯೋಣ. ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದರೆ, ಬರೀ ನೀರು ಕುಡಿಯಬಹುದೇ ಎಂದು ಕೇಳೋಣ.
ಹಿಂದೆ ಯಾವ ಕೈಯಲ್ಲಿ ರಕ್ತ ಸಿಕ್ಕಿತ್ತು ಎಂದು ಹೇಳೋಣ.
ತಲೆ ಸುತ್ತಿದರೆ ಕೂಡಲೇ ಹೇಳಿ ಮಲಗೋಣ.
ಪ್ರತಿ ಸಲ ಹೊಸ ಸೂಜಿಯೇ ಇರಬೇಕು. ನೋಡಿ ಕೇಳೋಣ.
ಆಮೇಲೆ ಹತ್ತಿ ಒತ್ತಿ ಹಿಡಿಯೋಣ. ಉಜ್ಜುವುದು ಬೇಡ.

ಉತ್ತರ ಹೇಳಿ

1. ತಂಗಿ ಏಕೆ ನೀರು ಕುಡಿದಿರಲಿಲ್ಲ?
2. ರಕ್ತ ನಿಧಾನವಾಗಿ ಬರಲು ಮೂರು ಕಾರಣ ಹೇಳಿ.
3. ನಿಮ್ಮ ಹಿಮೋಗ್ಲೋಬಿನ್ ಎಷ್ಟು? ಕೇಳಿ ತಿಳಿದು ಇಲ್ಲಿ ಬರೆಯಿರಿ.