ಸಿಪಾಯಿಯ ಪಟ ಮತ್ತು ಅವನ ಹೆಸರು

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯ ಮನೆಗಳಲ್ಲಿರುವ ಹಳೆಯ ಸಿಪಾಯಿಗಳ ಭಾವಚಿತ್ರಗಳ ನಕಲುಗಳನ್ನು ನಾನು ಸಂಗ್ರಹಿಸುತ್ತಿದ್ದೇನೆ. ಇದರಿಂದೇನು ಲಾಭವೆಂದು ಕೆಲವರು ಕೇಳುವುದುಂಟು. ಒಂದು ನಿದರ್ಶನ ಸಾಕು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಕದನದಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯೂ ಇದ್ದಿತು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಕಂಚಿನ ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದು ಪಡೆಗಳ ಪ್ರತೀಕಗಳು. ಒಬ್ಬೊಬ್ಬ ಸಿಪಾಯಿಯ ಮುಖವಲ್ಲ. ಮುಖ ಉಳಿಯುವುದು ಮನೆಯ ಪಟದಲ್ಲಿಯೇ.

ಸಮವಸ್ತ್ರ, ಪದಕ, ರಟ್ಟಿನ ಮೇಲಿನ ಸ್ಟುಡಿಯೋ ಮುದ್ರೆ ಇವು ಪಡೆಯನ್ನೂ ಕಾಲವನ್ನೂ ತಿಳಿಸಿಯಾವು, ಹೆಸರನ್ನು ತಿಳಿಸಲಾರವು. ಅದನ್ನು ಬಲ್ಲವರು ಹಿರಿಯರು. ಅವರನ್ನು ಕೇಳಿ, ಪಟದ ಬೆನ್ನಿಗೆ ಮೆದು ಪೆನ್ಸಿಲಿನಿಂದ ಹಗುರವಾಗಿ ಬರೆಯಬೇಕು; ಶಾಯಿಯಾದರೆ ಮುಂಬದಿಗೆ ಇಳಿದೀತು. ಹಿರಿಯರು ಗತಿಸಿದ ಮೇಲೆ ಪಟವಿದ್ದರೂ ಮನುಷ್ಯನಿಲ್ಲ. ವಿದ್ಯಾರ್ಥಿಮಿತ್ರರು ರಜೆಗೆ ಊರಿಗೆ ಹೋದಾಗ ಗೋಡೆಯ ಪಟವನ್ನು ತೋರಿಸಿ ‘ಇವರಾರು?’ ಎಂದು ಕೇಳಲಿ.